ಸೇಂಟ್ ಮೇರೀಸ್ ದ್ವೀಪ: ಕಲ್ಲು ನೋಡಲಿಕ್ಕೇ ಹೋಗುವವರಿಗೆ ಒಂದು ಗಂಟೆ ಸಾಕೇ?

ಬಯಲುಸೀಮೆ_ಬಂಡಿ

ಎಲ್ಲರಿಗೂ ನಮಸ್ಕಾರ. ಡಿಸೆಂಬರ್ ಮೂರನೇ ವಾರ ದಾವಣಗೆರೆಯಿಂದ ಉಡುಪಿಗೆ ಬರುವವರಿದ್ದೇವೆ. ನಾವಿಬ್ಬರು, ಒಂಬತ್ತು ವರ್ಷದ ಮಗಳು, 68 ವರ್ಷದ ನಮ್ಮ ಮಾವ. ಮಾವನಿಗೆ ಸಮ ನೆಲದಲ್ಲಿ ನಡೆಯಲು ತೊಂದರೆಯಿಲ್ಲ, ಇಳಿಜಾರಿನಲ್ಲಿ ಮಾತ್ರ ಮಂಡಿ ಹಿಡಿದುಕೊಳ್ಳುತ್ತದೆ.

ನಮಗೆ ಈಜು, ನೀರಾಟ ಯಾವುದೂ ಬೇಡ. ಮಲ್ಪೆಯ ಆಚೆ ಇರುವ ಆ ಕಂಬಕಲ್ಲುಗಳನ್ನು ನಿಧಾನವಾಗಿ ನೋಡಬೇಕು, ಮಗಳಿಗೆ ಅದು ಹೇಗಾಯಿತೆಂದು ತೋರಿಸಬೇಕು, ಅಷ್ಟೇ. ದ್ವೀಪದಲ್ಲಿ ಒಂದು ಗಂಟೆ ಮಾತ್ರ ಬಿಡುತ್ತಾರೆ ಅಂತ ಕೇಳಿದೆ. ಅಷ್ಟರಲ್ಲಿ ನೋಡಿ ಮುಗಿಯುತ್ತದೆಯೇ? ದಿನದ ಯಾವ ಹೊತ್ತಿಗೆ ಹೋದರೆ ಒಳ್ಳೆಯದು? ಉಬ್ಬರ ಇಳಿತ ನೋಡಿಕೊಂಡು ಹೋಗಿ ಅಂತ ಒಬ್ಬರು ಹೇಳಿದರು, ಆದರೆ ಅದನ್ನು ನೋಡುವುದು ಹೇಗೆ ಎಂಬುದು ಬಯಲುಸೀಮೆಯ ನಮಗೆ ಹೊಸದು. ಇನ್ನೊಂದು ಪ್ರಶ್ನೆ: ಇದು ಮಹಾರಾಷ್ಟ್ರದ ಕಡೆ ಇರುವ ದಖ್ಖನ್ ಬಸಾಲ್ಟ್, ಅಂದರೆ ಲಾವಾ ತಣಿದು ಆದ ಕರಿಕಲ್ಲೇ ತಾನೆ? ಮಗಳಿಗೆ ತಪ್ಪು ಹೇಳಬಾರದು ನೋಡಿ.


ಪಡುಗಡಲು

ಮೊದಲು ಹೋಗಿಬರುವ ವಿಚಾರ ಹೇಳುತ್ತೇನೆ, ಕಲ್ಲಿನ ಬಗ್ಗೆ ಬಲ್ಲವರು ಇಲ್ಲೇ ಇದ್ದಾರೆ, ಬರೆಯುತ್ತಾರೆ.

ಡಿಸೆಂಬರ್ ಒಳ್ಳೆಯ ಕಾಲ. ಮಳೆಗಾಲದಲ್ಲಿ, ಅಂದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ದ್ವೀಪಕ್ಕೆ ಬೋಟು ಬಿಡುವುದಿಲ್ಲ. ಮಳೆ ಪೂರ್ತಿ ಹಿಂದೆ ಸರಿದು ಕಡಲು ಶಾಂತವಾದ ಮೇಲೆ ಶುರುವಾಗುತ್ತದೆ. ನವೆಂಬರ್‌ನಿಂದ ಫೆಬ್ರುವರಿವರೆಗೆ ಅಲೆ ಕಡಿಮೆ, ಬಿಸಿಲೂ ತಡೆಯುವಷ್ಟು. ಮೂರನೇ ವಾರ ಅಂದಿರಿ, ಅದರಲ್ಲಿ ಶನಿವಾರ, ಭಾನುವಾರ ಮತ್ತು ಕ್ರಿಸ್‌ಮಸ್ ರಜೆ ಶುರುವಾಗುವ ದಿನ ಬಿಟ್ಟು ಮಂಗಳವಾರ, ಬುಧವಾರ ಅಂತ ಇಟ್ಟುಕೊಳ್ಳಿ. ರಜೆಯ ದಿನ ಟಿಕೆಟಿಗೊಂದು ಸಾಲು, ಬೋಟು ಹತ್ತಲು ಒಂದು ಸಾಲು, ವಾಪಸ್ ಬರಲು ಮತ್ತೊಂದು ಸಾಲು. ನಿಮ್ಮ ಒಂದು ಗಂಟೆಯಲ್ಲಿ ಕಲ್ಲಿನ ಪಾಲಿಗೆ ಉಳಿಯುವುದು ಅರ್ಧ ಗಂಟೆ.

ಮಲ್ಪೆ ಉಡುಪಿಯಿಂದ ಸುಮಾರು 6 ಕಿ.ಮೀ., ಅಲ್ಲಿಂದ ದ್ವೀಪ ಕಡಲಲ್ಲಿ ಮತ್ತೆ ಸುಮಾರು ಅಷ್ಟೇ ದೂರ. ಹತ್ತುವ ಜಾಗ ಎರಡು ಉಂಟು. ಬಂದರಿನ ಕಡೆಯಿಂದ ದೊಡ್ಡ ಬೋಟು, ಬೀಚಿನಿಂದ ಚಿಕ್ಕ, ವೇಗದ ಬೋಟು. ದೊಡ್ಡದು 20ರಿಂದ 30 ನಿಮಿಷ ತೆಗೆದುಕೊಳ್ಳುತ್ತದೆ, ತುಂಬುವವರೆಗೆ ಕಾಯುತ್ತದೆ, ಆದರೆ ಹೊಯ್ದಾಟ ಕಡಿಮೆ. ಚಿಕ್ಕದು ಬೇಗ ಮುಟ್ಟಿಸುತ್ತದೆ, ಆದರೆ ಪ್ರತಿ ಅಲೆಗೂ ಧಡ್ ಧಡ್ ಎಂದು ಎತ್ತಿ ಹಾಕುತ್ತದೆ, ಆ ಏಟು ನೇರ ಸೊಂಟ ಮಂಡಿಗೆ. ನಿಮ್ಮ ಮಾವನವರು ಇರುವುದರಿಂದ ದೊಡ್ಡ ಬೋಟೇ ಸರಿ. ಹಿಂದಿನ ಭಾಗದಲ್ಲಿ, ನಡುಮಧ್ಯೆ ಕೂರಿಸಿ. ಮೂತಿಯ ಕಡೆ ಕುಲುಕಾಟ ಹೆಚ್ಚು. ಲೈಫ್ ಜಾಕೆಟ್ಟಿನ ಎಲ್ಲ ಬಕಲ್ ಹಾಕಿಸಿ. ಮಗುವಿಗೆ ಮಗುವಿನ ಅಳತೆಯದ್ದೇ ಕೇಳಿ. ಭುಜದ ಹತ್ತಿರ ಹಿಡಿದು ಮೇಲಕ್ಕೆ ಎಳೆದಾಗ ಜಾಕೆಟ್ ಗದ್ದ ದಾಟಿ ಬಂದರೆ ಅದು ದೊಡ್ಡದಾಯಿತು ಎಂದೇ ಅರ್ಥ. ನೀರಿಗೆ ಬಿದ್ದಾಗಲೂ ಹಾಗೇ ತಲೆಯ ಮೇಲಿಂದ ಜಾರುತ್ತದೆ.

ಹೊತ್ತು: ಬೆಳಗಿನ ಮೊದಲ ಬೋಟೇ ಹಿಡಿಯಿರಿ. ಸಾಮಾನ್ಯವಾಗಿ 9ರ ಸುಮಾರಿಗೆ ಶುರು. ಬೆಳಿಗ್ಗೆ ಗಾಳಿ ನೆಲದಿಂದ ಕಡಲಿನ ಕಡೆಗೆ ಮೆಲ್ಲಗೆ ಬೀಸುತ್ತದೆ, ನೀರು ಸಮವಾಗಿರುತ್ತದೆ. ಹನ್ನೆರಡರ ಮೇಲೆ ನೆಲ ಕಾದು ಗಾಳಿ ತಿರುಗಿ ಕಡಲಿನಿಂದ ಬೀಸಲು ಶುರುವಾಗುತ್ತದೆ. ಮೂರು ಗಂಟೆಗೆಲ್ಲ ಅಲೆಯ ನೆತ್ತಿಯ ಮೇಲೆ ಬಿಳಿ ನೊರೆ ಕಾಣುತ್ತದೆ. ಬೋಟಿನಿಂದ ಇಳಿಯುವಾಗ ಹತ್ತುವಾಗ ತೊಂದರೆ ಆಗುವುದು ಆಗಲೇ. ಹೋಗುವ ಒಂದು ಗಂಟೆ ಮೊದಲು ಎರಡು ಇಡ್ಲಿಯಷ್ಟು ತಿನ್ನಿ. ಹೊಟ್ಟೆ ಬಿರಿಯೆ ತಿಂದರೂ ವಾಂತಿ, ಖಾಲಿ ಇದ್ದರೂ ವಾಂತಿ. ಬೋಟಿನಲ್ಲಿ ಮೊಬೈಲ್ ನೋಡದೆ ದೂರದ ದಿಗಂತ ನೋಡುತ್ತಾ ಇದ್ದರೆ ಅರ್ಧ ತೊಂದರೆ ಕಳೆಯುತ್ತದೆ.

ಈಗ ಉಬ್ಬರ ಇಳಿತ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಎಷ್ಟು ಕಲ್ಲು ಕಾಣುತ್ತದೆ ಎಂಬುದು ಇದರ ಮೇಲೆ ನಿಂತಿದೆ.

ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಒಂದು ದಿನದ ಎರಡು ಇಳಿತಗಳು ಒಂದೇ ಆಳಕ್ಕೆ ಹೋಗುವುದಿಲ್ಲ; ಒಂದರಲ್ಲಿ ನೀರು ಚೆನ್ನಾಗಿ ಕೆಳಗಿಳಿಯುತ್ತದೆ, ಇನ್ನೊಂದು ಅರೆಬರೆ. ಆದ್ದರಿಂದ ಉಬ್ಬರ ಇಳಿತದ ಹೊತ್ತು ಕೊಡುವ ಪಟ್ಟಿಯಲ್ಲಿ ಗಂಟೆ ಮಾತ್ರ ನೋಡಬೇಡಿ, ಪಕ್ಕದಲ್ಲಿ ಮೀಟರಿನಲ್ಲಿ ಬರೆದ ಎತ್ತರವನ್ನೂ ನೋಡಿ. ನವಮಂಗಳೂರು ಬಂದರಿನ ಪಟ್ಟಿ ನಿಮ್ಮ ಕೆಲಸಕ್ಕೆ ಸಾಕು, ಮಲ್ಪೆಗೂ ಅಲ್ಲಿಗೂ ಹೆಚ್ಚು ವ್ಯತ್ಯಾಸವಿಲ್ಲ. ಇಳಿತದ ಎತ್ತರದ ಅಂಕಿ ಸಣ್ಣದಿದ್ದಷ್ಟೂ ಕಲ್ಲಿನ ಬುಡ ಹೆಚ್ಚು ಬಯಲಾಗುತ್ತದೆ.

ಹುಣ್ಣಿಮೆ, ಅಮಾವಾಸ್ಯೆಗೆ ಇಳಿತ ದೊಡ್ಡದು ಎಂಬುದು ನಿಜ. ಆದರೆ ಅಷ್ಟನ್ನೇ ನಂಬಿ ಹೊರಟವರಿಗೆ ಆ ದೊಡ್ಡ ಇಳಿತ ಬೋಟೇ ಇಲ್ಲದ ಬೆಳಗಿನ ಜಾವವೋ ಮುಸ್ಸಂಜೆಯೋ ಬಿದ್ದು ಕೆಲಸಕ್ಕೆ ಬಾರದೆ ಹೋಗಬಹುದು. ದಿನಕ್ಕೆ ಸುಮಾರು 50 ನಿಮಿಷದಂತೆ ಇಳಿತದ ಹೊತ್ತು ಮುಂದೆ ಹೋಗುತ್ತದೆ. ಬೆಳಿಗ್ಗೆ ಏಳಕ್ಕೆ ಇದ್ದದ್ದು ಮೂರು ದಿನ ಬಿಟ್ಟರೆ ಒಂಬತ್ತೂವರೆಗೆ ಬರುತ್ತದೆ. ನೀವು ವಾರದ ಒಳಗೆ ದಿನ ಆರಿಸುವ ಅವಕಾಶ ಇಟ್ಟುಕೊಂಡಿದ್ದರೆ, ಇಳಿತ ಬೆಳಿಗ್ಗೆ 10ರಿಂದ 11ರ ಒಳಗೆ ಬೀಳುವ ದಿನ ಹುಡುಕಿ. ಅಂತಹ ದಿನ ಸಿಗದಿದ್ದರೂ ಬೆಳಗಿನ ಬೋಟನ್ನು ಬಿಡಬೇಡಿ. ಉಬ್ಬರದಲ್ಲೂ ಮೇಲಿನ ಕಂಬಗಳು ಕಾಣುತ್ತವೆ. ಒರಟು ಕಡಲಲ್ಲಿ ಮಾತ್ರ ಏನೂ ಕಾಣುವುದಿಲ್ಲ.

ಇನ್ನೊಂದು, ನೀರು ಒಂದೇ ವೇಗದಲ್ಲಿ ಏರುವುದಿಲ್ಲ. ಇಳಿತದಿಂದ ಉಬ್ಬರಕ್ಕೆ ಸುಮಾರು ಆರು ಗಂಟೆ. ಒಟ್ಟು ಏರಿಕೆಯನ್ನು 12 ಪಾಲು ಮಾಡಿದರೆ ಮೊದಲ ಗಂಟೆ 1 ಪಾಲು, ಎರಡನೇ ಗಂಟೆ 2, ಮೂರು ಮತ್ತು ನಾಲ್ಕನೇ ಗಂಟೆಗಳಲ್ಲಿ ತಲಾ 3, ಮತ್ತೆ 2, ಕೊನೆಗೆ 1. ಒಟ್ಟು 1.2 ಮೀಟರ್ ಏರುವ ದಿನ ಅಂತಿಟ್ಟುಕೊಳ್ಳಿ: ಮೊದಲ ಗಂಟೆಯಲ್ಲಿ 10 ಸೆಂ.ಮೀ., ಮೂರನೇ ಗಂಟೆಯೊಂದರಲ್ಲೇ 30 ಸೆಂ.ಮೀ. ಒಣಗಿದ್ದ ಕಲ್ಲಿನ ಮೇಲೆ ಕೂತವರು ತಿರುಗಿ ನೋಡಿದಾಗ ಬಂದ ದಾರಿಯಲ್ಲಿ ನೀರು ಹರಿಯುತ್ತಿರುವುದು ಈ ಹೊತ್ತಿನಲ್ಲೇ. ಇಳಿತಕ್ಕೆ ಅರ್ಧ ಗಂಟೆ ಮೊದಲು ಮುಟ್ಟಿ, ಇಳಿತ ಕಳೆದು ಒಂದು ಗಂಟೆಯೊಳಗೆ ಹೊರಟರೆ ಈ ತೊಂದರೆಯೇ ಇಲ್ಲ.

ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಅಲೆಯ ಎತ್ತರದ ಮುನ್ಸೂಚನೆ ಕೊಡುತ್ತದೆ, ಹಿಂದಿನ ದಿನ ಅದನ್ನೂ ನೋಡಿ. ಏಪ್ರಿಲ್, ಮೇ ತಿಂಗಳಲ್ಲಿ ಹೋಗುವವರು ಇದನ್ನು ತಪ್ಪಿಸಲೇಬಾರದು. ಆಗ ಇಲ್ಲಿ ಗಾಳಿಯೇ ಇರುವುದಿಲ್ಲ, ಆಕಾಶ ಶುಭ್ರ, ಆದರೆ ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಎದ್ದ ಉದ್ದನೆಯ ಅಲೆಗಳು ದಿನಗಟ್ಟಲೆ ಸಾಗಿ ನಮ್ಮ ದಡಕ್ಕೆ ಬಂದು ಅಪ್ಪಳಿಸುತ್ತವೆ.


ಶಿಲಾಪಥಿಕ

ಬಯಲುಸೀಮೆಯವರೇ, ಮಗಳಿಗೆ ಬಸಾಲ್ಟ್ ಅಂತ ಹೇಳಬೇಡಿ. ಎಲ್ಲರೂ ಮಾಡುವ ತಪ್ಪು ಅದು. ಸೇಂಟ್ ಮೇರೀಸ್ ಕಲ್ಲು ದಖ್ಖನ್ ಲಾವಾದ ಭಾಗವಲ್ಲ. ದಖ್ಖನ್ ಲಾವಾ ಸುಮಾರು 6.6 ಕೋಟಿ ವರ್ಷ ಹಿಂದಿನದು, ಇದು ಸುಮಾರು 8.8 ಕೋಟಿ ವರ್ಷದ್ದು. ಜಾತಿಯೂ ಬೇರೆ. ಬಸಾಲ್ಟಿನಲ್ಲಿ ಸಿಲಿಕಾ, ಅಂದರೆ ಮರಳಿನಲ್ಲಿ ಇರುವಂತಹ ಅಂಶ, ಶೇ. 45ರಿಂದ 52ರಷ್ಟು; ಇಲ್ಲಿಯ ಕಲ್ಲು ಡೇಸೈಟ್, ರಯೊಡೇಸೈಟ್ ಗುಂಪಿನದು, ಸಿಲಿಕಾ ಶೇ. 63ಕ್ಕೂ ಮೇಲೆ. ಸಿಲಿಕಾ ಹೆಚ್ಚಿದ್ದಷ್ಟೂ ಲಾವಾ ಮಂದ, ಬೆಲ್ಲದ ಪಾಕ ಗಟ್ಟಿಯಾಗುತ್ತಾ ಬಂದ ಹಾಗೆ. ಹೊರಗಿನ ಸಿಪ್ಪೆ ಬಿಸಿಲು, ಉಪ್ಪುಗಾಳಿಗೆ ಕಂದು ಕಪ್ಪಾಗಿದೆ, ಅದಕ್ಕೇ ದೂರದಿಂದ ಬಸಾಲ್ಟಿನಂತೆ ಕಾಣುವುದು. ಹತ್ತಿರ ಹೋಗಿ ಹೊಸದಾಗಿ ಒಡೆದ ಮುಖ ಎಲ್ಲಾದರೂ ಸಿಕ್ಕಿದರೆ ನೋಡಿ: ಬೂದು ಬಣ್ಣದ ಮೈಯಲ್ಲಿ ಅಕ್ಕಿನುಚ್ಚಿನಂತಹ ಬಿಳಿಚುಕ್ಕೆಗಳು. ಅವು ಪ್ಲಾಜಿಯೋಕ್ಲೇಸ್ ಹರಳುಗಳು. ಲಾವಾ ಹೊರಬರುವ ಮೊದಲೇ ಭೂಮಿಯೊಳಗೆ ನಿಧಾನವಾಗಿ ಬೆಳೆದು, ಆಮೇಲೆ ಲಾವಾದ ಜೊತೆ ತೇಲಿ ಬಂದವು.

8.8 ಕೋಟಿ ವರ್ಷ ಅನ್ನುವುದಕ್ಕೂ ಒಂದು ಅರ್ಥವಿದೆ. ಆಗ ಭಾರತ ಮತ್ತು ಮಡಗಾಸ್ಕರ್ ಒಂದಕ್ಕೊಂದು ಅಂಟಿದ್ದವು, ಆ ಹೊತ್ತಿಗೇ ಬಿರಿದು ಬೇರೆಯಾದವು. ಬಿರುಕಿನ ಎರಡೂ ಕಡೆ ಲಾವಾ ಉಕ್ಕಿತು. ಮಡಗಾಸ್ಕರಿನಲ್ಲಿ ಅದೇ ವಯಸ್ಸಿನ ಲಾವಾ ದೊಡ್ಡ ಪ್ರಮಾಣದಲ್ಲಿ ಇದೆ. ನಮ್ಮ ಕಡೆ ಉಳಿದ ಗುರುತುಗಳಲ್ಲಿ ಈ ದ್ವೀಪಗಳೂ ಸೇರಿವೆ. ಪಡುವಣಕ್ಕೆ ಮುಖ ಮಾಡಿ ನಿಂತರೆ, ಆ ಕಡಲೇ ಇಲ್ಲದಿದ್ದ ಕಾಲದ ಕಲ್ಲಿನ ಮೇಲೆ ನೀವು ನಿಂತಿರುತ್ತೀರಿ. ಮಗಳಿಗೆ ಹೇಳಬೇಕಾದ್ದು ಇದು.

ಕಂಬ ಹೇಗಾಯಿತು: ದಾವಣಗೆರೆಯವರಿಗೆ ಸುಲಭವಾಗಿ ಹೇಳಬಹುದು. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಅಂಗಳದ ಕೆಸರು ಬಿರಿಯುತ್ತದಲ್ಲ, ಅಲ್ಲಿ ನೀರು ಹೋಗಿ ಮಣ್ಣು ಕುಗ್ಗುತ್ತದೆ, ಇಲ್ಲಿ ಶಾಖ ಹೋಗಿ ಕಲ್ಲು ಕುಗ್ಗಿತು. ಕುಗ್ಗಲು ಜಾಗವಿಲ್ಲದೆ ಮೇಲ್ಮೈ ಬಿರಿಯಿತು. ಮೊದಲಿಗೆ ಬಿರುಕುಗಳು ಅಡ್ಡಾದಿಡ್ಡಿ, ಒಂದಕ್ಕೊಂದು ನೇರ ಮೂಲೆಯಲ್ಲಿ ಸೇರುತ್ತವೆ. ತಂಪು ಒಳಗೆ ಇಳಿದ ಹಾಗೆ ಬಿರುಕೂ ಇಳಿಯುತ್ತದೆ, ಇಳಿಯುತ್ತಾ ತನ್ನನ್ನು ತಿದ್ದಿಕೊಳ್ಳುತ್ತದೆ. ಮೂರು ಬಿರುಕು ಒಂದು ಬಿಂದುವಿನಲ್ಲಿ 120 ಡಿಗ್ರಿಯಂತೆ ಸೇರಿದರೆ ಎಳೆತ ಎಲ್ಲ ಕಡೆಗೂ ಸಮನಾಗಿ ಸಡಿಲುತ್ತದೆ. ಹಾಗೆ ಸೇರಿದಲ್ಲೆಲ್ಲ ಆರು ಮುಖದ ಕಂಬ. ಕೆರೆಯ ಮಣ್ಣಿನಲ್ಲಿ ಬಿರುಕು ಅಷ್ಟು ಆಳಕ್ಕೆ ಹೋಗುವುದಿಲ್ಲ, ಆದ್ದರಿಂದ ಅಲ್ಲಿ ಇಷ್ಟು ಅಚ್ಚುಕಟ್ಟಾದ ಜೇನುಹುಟ್ಟಿನ ಆಕಾರ ಬರುವುದಿಲ್ಲ. ನಿಧಾನ ತಣಿದರೆ ದಪ್ಪ ಕಂಬ, ಬೇಗ ತಣಿದರೆ ತೆಳ್ಳಗಿನದು.

ಒಂದು ಗಂಟೆ ಸಾಕೇ ಅಂತ ಕೇಳಿದಿರಿ. ಪ್ರವಾಸಿ ಬೋಟು ಹೋಗುವುದು ತೆಂಗಿನ ದ್ವೀಪಕ್ಕೆ, ಸ್ಥಳೀಯವಾಗಿ ತೋನ್ಸೆಪಾರ್. ಉದ್ದ ಸುಮಾರು 500 ಮೀಟರ್, ಅಗಲ ಸುಮಾರು 100 ಮೀಟರ್, ಅತಿ ಎತ್ತರದ ಜಾಗವೂ ನೀರಿನಿಂದ 10 ಮೀಟರ್ ಮಾತ್ರ. ಉತ್ತರದ ದ್ವೀಪ, ದಕ್ಷಿಣದ ದ್ವೀಪ, ದರಿಯಾ ಬಹದ್ದೂರ್‌ಗಡ, ಇವು ಮೂರು ಬೇರೆ. ದ್ವೀಪ ಚಿಕ್ಕದಾದ್ದರಿಂದ ಒಂದು ಗಂಟೆ ಸಾಕು, ಏನು ನೋಡಬೇಕೆಂದು ಗೊತ್ತಿದ್ದರೆ. ಸುಮ್ಮನೆ ಸುತ್ತು ಹಾಕಿದರೆ ಮೂರು ಗಂಟೆ ಕೊಟ್ಟರೂ ಕಲ್ಲು ಕಣ್ಣಿಗೆ ಬೀಳುವುದಿಲ್ಲ.

ಮೊದಲ ಹತ್ತು ನಿಮಿಷ ಎತ್ತರದ ಜಾಗಕ್ಕೆ ಹೋಗಿ ನಿಂತು ಕಂಬಗಳ ಗುಂಪು ಯಾವ ಕಡೆ ವಾಲಿದೆ ನೋಡಿ. ಎಲ್ಲ ಕಂಬವೂ ನೆಟ್ಟಗೆ ನಿಂತಿಲ್ಲ. ಕಂಬ ಬೆಳೆಯುವುದು ತಣ್ಣಗಾಗುವ ಮೈಗೆ ಲಂಬವಾಗಿ. ಆದ್ದರಿಂದ ಕಂಬ ಓರೆಯಿದ್ದರೆ ಆ ಜಾಗದಲ್ಲಿ ತಣಿಯುವ ಮೈ ಓರೆಯಿತ್ತು ಎಂದರ್ಥ. ಗುಂಪಿನಿಂದ ಗುಂಪಿಗೆ ಓರೆ ಬದಲಾಗುವುದು ಕಂಡರೆ ಅಂದಿನ ಲಾವಾ ಹರಿವಿನ ಏರುತಗ್ಗು ಕಣ್ಣಿಗೆ ಕಟ್ಟುತ್ತದೆ.

ಆಮೇಲೆ ಕಂಬಗಳ ತಲೆ. ಇಲ್ಲಿ ಅರ್ಧ ಗಂಟೆ ಕೊಡಿ. ಮಗಳ ಕೈಗೆ ಒಂದು ಪುಸ್ತಕ, ಪೆನ್ಸಿಲ್ ಕೊಟ್ಟು ಒಂದೇ ಜಾಗದ 50 ಕಂಬಗಳ ಮುಖ ಎಣಿಸಲು ಹೇಳಿ: ನಾಲ್ಕು, ಐದು, ಆರು, ಏಳು ಅಂತ ಸಾಲು ಮಾಡಿ ಗೀಟು ಹಾಕಲಿ. ಆರು ಮುಖದವೇ ಹೆಚ್ಚು ಬರಬೇಕು, ಐದು ಏಳು ಆಮೇಲೆ, ನಾಲ್ಕು ತೀರ ಕಡಿಮೆ. ಸರಾಸರಿ ತೆಗೆದರೆ ಆರಕ್ಕೆ ತುಸು ಕೆಳಗೆ ನಿಲ್ಲುತ್ತದೆ. ಮೂರು ಬಿರುಕು ಸೇರುವ ಬಿಂದುವಿನ ಮೇಲೆ ಅವಳ ಬೆರಳಿಡಿಸಿ. ಸವೆದ ಕಲ್ಲಿನ ಅಂಚು ನಯವಾಗಿ, ಬಿರುಕಿನೊಳಗೆ ಮರಳುಕಣ, ಚಿಪ್ಪಿನ ಚೂರು ಕೂತಿರುತ್ತವೆ. ಅದನ್ನು ಬೆರಳಲ್ಲಿ ಗೀರಿ ತೆಗೆದರೆ ಮೂರೂ ಗೆರೆಗಳು ಬಿಚ್ಚಿಕೊಂಡು ಕಾಣುತ್ತವೆ.

ಕೆಲವು ತಲೆಗಳು ತಗ್ಗು ತಟ್ಟೆಯಂತೆ, ಕೆಲವು ಉಬ್ಬಿದ ಬೋಗುಣಿಯ ಬೆನ್ನಿನಂತೆ ಇರಬಹುದು. ಕಂಬ ಉದ್ದಕ್ಕೆ ಮಾತ್ರವಲ್ಲ, ಅಡ್ಡಕ್ಕೂ ತುಂಡಾಗುತ್ತದೆ. ಮೇಲಿನ ತುಂಡಿನ ಉಬ್ಬು ಕೆಳಗಿನದರ ತಗ್ಗಿನಲ್ಲಿ ಕೂತಿರುತ್ತದೆ. ಅಲೆಗಳು ಮೇಲಿನ ತುಂಡನ್ನು ಕಿತ್ತೊಯ್ದಾಗ ಉಳಿದದ್ದೇ ಈ ಮೆಟ್ಟಿಲು. ಯಾರೋ ಕಡಿದು ಜೋಡಿಸಿದ ಹಾಗಿದೆ ಅಂತ ಜನ ಹೇಳುವುದು ಇದಕ್ಕೇ.

ಉಳಿದ ಕಾಲು ಗಂಟೆ ಪಕ್ಕದ ಮುಖಗಳಿಗೆ. ಹೆಚ್ಚು ಸವೆಯದ ಕಂಬದ ಬದಿಯಲ್ಲಿ ಅಡ್ಡಡ್ಡ ಪಟ್ಟಿಗಳಿವೆಯೇ ಹುಡುಕಿ, ಉಳಿಯಿಂದ ಕೆತ್ತಿದ ಗುರುತಿನಂತೆ. ಬಿರುಕು ಒಂದೇ ಸಲಕ್ಕೆ ಮೇಲಿಂದ ಕೆಳಗೆ ಹೋಗಲಿಲ್ಲ. ಸ್ವಲ್ಪ ತಣಿಯಿತು, ಅಷ್ಟು ಬಿರಿಯಿತು, ನಿಂತಿತು, ಮತ್ತೆ ತಣಿಯಿತು, ಮತ್ತೆ ಬಿರಿಯಿತು. ಒಂದೊಂದು ಪಟ್ಟಿಯೂ ಹಾಗೆ ಒಂದೊಂದು ಹೆಜ್ಜೆ.

ಕಲ್ಲಿನ ಚೂರನ್ನಾಗಲಿ ಚಿಪ್ಪನ್ನಾಗಲಿ ತರಬೇಡಿ. ಇದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಗುರುತಿಸಿದ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಕರ್ನಾಟಕದಲ್ಲಿ ಅಂತಹ ಇನ್ನೊಂದು ನಿಮಗೆ ಹತ್ತಿರದಲ್ಲೇ ಇದೆ, ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯ ದಿಂಬಿನಾಕಾರದ ಲಾವಾ. ನೀರಿನೊಳಗೆ ಉಕ್ಕಿ ಗಟ್ಟಿಯಾದದ್ದು, 250 ಕೋಟಿ ವರ್ಷಕ್ಕೂ ಹಳೆಯದು. ಎರಡನ್ನೂ ನೋಡಿದರೆ ಲಾವಾ ಗಾಳಿಯಲ್ಲಿ ತಣಿದಾಗ ಏನು, ನೀರಲ್ಲಿ ತಣಿದಾಗ ಏನು ಎಂಬುದು ಮಗುವಿಗೆ ಪಾಠವಿಲ್ಲದೆ ತಿಳಿಯುತ್ತದೆ.


ಬೆಳಕಿನ_ಬೆನ್ನು

ಪಡುಗಡಲು ಅವರು ಬೆಳಿಗ್ಗೆ ಅಂದರು. ಫೋಟೋ ತೆಗೆಯುವವರು ಸಂಜೆಯ ಬಂಗಾರದ ಬೆಳಕಿಗೆ ಹೋಗುತ್ತಾರೆ, ಆದರೆ ಕಲ್ಲಿಗೆ ನಾನೂ ಬೆಳಿಗ್ಗೆಯನ್ನೇ ಹೇಳುತ್ತೇನೆ, ಕಾರಣ ಬೇರೆ. ಸಂಜೆ ಸೂರ್ಯ ಕಡಲಿನ ಕಡೆ ಇರುತ್ತಾನೆ. ಕಡಲು ಹಿನ್ನೆಲೆಯಾಗಿ ಬರಬೇಕೆಂದು ಪಶ್ಚಿಮಕ್ಕೆ ಕ್ಯಾಮೆರಾ ಹಿಡಿದರೆ ಕಂಬಗಳೆಲ್ಲ ಕರಿ ನೆರಳು. ಬೆಳಿಗ್ಗೆ ಸೂರ್ಯ ನಿಮ್ಮ ಬೆನ್ನಿಗೆ, ಬೆಳಕು ಕಲ್ಲಿನ ಮುಖಕ್ಕೆ. ಹತ್ತು ಗಂಟೆಯೊಳಗೆ ಬೆಳಕು ಓರೆಯಾಗಿ ಬೀಳುವುದರಿಂದ ಕಂಬಗಳ ನಡುವಿನ ಬಿರುಕಿನಲ್ಲಿ ನೆರಳು ಕೂತು ಆರು ಮೂಲೆಯೂ ಎದ್ದು ಕಾಣುತ್ತದೆ. ನಡುಮಧ್ಯಾಹ್ನ ಅದೇ ಜಾಗ ಚಪ್ಪಟೆ.

ಮೊಬೈಲಿನಲ್ಲಿ ತೆಗೆಯುವಾಗ ಆಕಾಶ ಬೆಳ್ಳಗೆ, ಕಲ್ಲು ಕಪ್ಪಗೆ ಬರುವುದು ಮಾಮೂಲು ದೂರು. ಪರದೆಯ ಮೇಲೆ ಕಲ್ಲನ್ನು ಮುಟ್ಟಿ ಬೆಳಕು ಹೊಂದಿಸಿ, ಆಕಾಶವನ್ನು ಚೌಕಟ್ಟಿನಿಂದ ಆದಷ್ಟು ಹೊರಗಿಡಿ. ನೆತ್ತಿಯಿಂದ ನೇರ ಕೆಳಗೆ ನೋಡುವ ಒಂದು ಚಿತ್ರ ತೆಗೆಯಿರಿ, ಪಕ್ಕದಲ್ಲಿ 15 ಸೆಂ.ಮೀ. ಸ್ಕೇಲ್ ಇಟ್ಟು. ಅಳತೆ ಇಲ್ಲದ ಚಿತ್ರದಲ್ಲಿ ಕಂಬ ಗೇಣಷ್ಟೋ ಮಾರಷ್ಟೋ ತಿಳಿಯುವುದಿಲ್ಲ. ಒದ್ದೆ ಕಲ್ಲಿನ ಹೊಳಪು ಹೆಚ್ಚಾದರೆ ಕ್ಯಾಮೆರಾ ಇರುವವರು ಪೋಲರೈಸರ್ ಹಾಕಿ ತಿರುಗಿಸಿದರೆ ಕಲ್ಲಿನ ನಿಜ ಬಣ್ಣ ಬರುತ್ತದೆ.

ಲೆನ್ಸಿನ ಮೇಲೆ ಉಪ್ಪುನೀರಿನ ಹನಿ ಬಿದ್ದರೆ ಒಣ ಬಟ್ಟೆಯಿಂದ ಉಜ್ಜಬೇಡಿ. ಹನಿ ಒಣಗಿದ ಮೇಲೆ ಉಳಿಯುವುದು ಉಪ್ಪಿನ ಹರಳು, ಉಜ್ಜಿದರೆ ಗೀರು. ಬಟ್ಟೆಗೆ ಸಿಹಿನೀರು ಸ್ವಲ್ಪ ಹಚ್ಚಿ ಮೊದಲು ಕರಗಿಸಿ, ಮೆಲ್ಲಗೆ ಒತ್ತಿ ತೆಗೆದು, ಆಮೇಲೆ ಒಣ ಬಟ್ಟೆ. ಅನುಮತಿ ಇಲ್ಲದೆ ಡ್ರೋನ್ ತರಬೇಡಿ.


ಬಯಲುಸೀಮೆ_ಬಂಡಿ

ಶಿಲಾಪಥಿಕ ಸರ್, ಎಣಿಸುವ ವಿಚಾರ ಹೇಳಿದ ಕೂಡಲೇ ಮಗಳು ಪುಸ್ತಕದಲ್ಲಿ ಗೆರೆ ಎಳೆದು ಸಾಲು ಮಾಡಿಕೊಂಡಿದ್ದಾಳೆ. ಪಡುಗಡಲು ಅವರ 12 ಪಾಲಿನ ಲೆಕ್ಕವನ್ನೂ ಬರೆದಿಟ್ಟುಕೊಂಡೆ.

ಮೂರು ಸಂಶಯ ಉಳಿದವು. ಮಾವನವರು ಆ ಕಲ್ಲುಗಳ ಮೇಲೆ ಎಷ್ಟು ದೂರ ಬರಬಹುದು? ಕಾಲಿಗೆ ಏನು ಹಾಕಬೇಕು? ಅಂದು ಬೋಟು ನಿಂತುಹೋದರೆ ಏನು ಮಾಡುವುದು?


ದಕ್ಕೆ_ದಾರಿ

ಮಾವನವರ ವಿಚಾರಕ್ಕೆ ನಾನು ಬರೆಯುತ್ತೇನೆ.

ಇಳಿಯುವ ಜಾಗದಲ್ಲಿ ನೀರಿನ ಮಟ್ಟ, ಅಲೆ ನೋಡಿಕೊಂಡು ಇಳಿಸುತ್ತಾರೆ, ಕೆಲವೊಮ್ಮೆ ಮೊಣಕಾಲು ನೀರಿಗೆ ಇಳಿಯಬೇಕಾಗುತ್ತದೆ. ಆದ್ದರಿಂದ ಪ್ಯಾಂಟು ಮಡಚಲು ಬರುವಂತಿರಲಿ. ಬೋಟು ಅಲೆಯ ಮೇಲೆ ಏರುವಾಗ ಕಾಲಿಡಬಾರದು. ಏರಿ, ಇಳಿದು, ತಳದಲ್ಲಿ ಒಂದು ಕ್ಷಣ ನಿಲ್ಲುತ್ತದೆ, ಆಗ ಬೋಟಿನವರು ಕೈ ಕೊಡುತ್ತಾರೆ, ಆಗ ಇಳಿಯಬೇಕು. ಅವರ ಅಂಗೈ ಹಿಡಿದರೆ ಒದ್ದೆಯಲ್ಲಿ ಜಾರುತ್ತದೆ, ಮಣಿಕಟ್ಟು ಹಿಡಿಯಲಿ. ಎರಡೂ ಕೈ ಖಾಲಿ ಇರಬೇಕು, ಚೀಲ ನೀವು ತೆಗೆದುಕೊಳ್ಳಿ.

ದ್ವೀಪದ ಒಳಭಾಗದಲ್ಲಿ, ತೆಂಗಿನ ಮರಗಳ ಕಡೆ, ಅವರು ಧಾರಾಳ ನಡೆಯಬಹುದು. ಅಲ್ಲಿಂದಲೂ ಕಂಬಗಳು ಚೆನ್ನಾಗಿ ಕಾಣುತ್ತವೆ. ಒಣಗಿದ, ಅಗಲ ತಲೆಯ ಕಂಬಗಳ ಮೇಲೆ ಒಬ್ಬರು ಕೈ ಹಿಡಿದರೆ ಬರಬಹುದು. ಆದರೆ ಕಂಬಗಳು ಮೆಟ್ಟಿಲಿನಂತೆ ಕಂಡರೂ ಮೆಟ್ಟಿಲಲ್ಲ. ಒಂದು ಗೇಣು ಎತ್ತರ, ಮುಂದಿನದು ಮೊಳ ಎತ್ತರ. ಮಂಡಿನೋವು ಇರುವವರಿಗೆ ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ. ಅವರು ಮೇಲೆ ಹತ್ತಿದಷ್ಟು ಇಳಿಯಲೂ ಬೇಕು ಎಂಬುದನ್ನು ಮೊದಲೇ ಲೆಕ್ಕ ಹಾಕಿ. ಊರುಗೋಲಿನ ತುದಿಗೆ ರಬ್ಬರ್ ಇರಲಿ, ಕಬ್ಬಿಣದ ತುದಿ ಬಿರುಕಿನಲ್ಲಿ ಸಿಕ್ಕಿ ಮುಗ್ಗರಿಸುತ್ತಾರೆ.

ಕಲ್ಲು ಓದುವುದನ್ನು ಎಲ್ಲರೂ ಕಲಿಯಬೇಕು. ಮೇಲಿನ ಒಣಗಿದ ಬೂದು ಕಂದು ಪಟ್ಟೆ ಸುರಕ್ಷಿತ. ಅದರ ಕೆಳಗೆ ಒದ್ದೆಯಾಗಿ ಕಪ್ಪಾಗಿ ಕಾಣುವ ಪಟ್ಟೆ ಅಂದರೆ ಅಲೆ ಅಲ್ಲಿವರೆಗೆ ಬಂದುಹೋಗಿದೆ, ಮತ್ತೆ ಬರುತ್ತದೆ. ಹಸಿರೋ ಕಪ್ಪೋ ನುಣುಪಾದ ಹಾವಸೆ ಕಂಡರೆ ಅಲ್ಲಿಗೆ ನಿಲ್ಲಿ, ಯಾವ ಚಪ್ಪಲಿಯೂ ಅದರ ಮೇಲೆ ಹಿಡಿಯುವುದಿಲ್ಲ. ಅದಕ್ಕೂ ಕೆಳಗೆ ಕಲ್ಲಿಗೆ ಅಂಟಿದ ಚಿಪ್ಪುಗಳು, ಅಂಚು ಬ್ಲೇಡಿನಂತೆ. ಜಾರಿದವರು ಕೈಯೂರುವುದು ನೇರ ಅದರ ಮೇಲೆ.

ಪಶ್ಚಿಮದ ಅಂಚು, ಅಂದರೆ ತೆರೆದ ಕಡಲಿನ ಕಡೆ, ತುದಿಗೆ ಯಾರೂ ಹೋಗಬೇಡಿ. ಅಲೆಗಳು ಗುಂಪಾಗಿ ಬರುತ್ತವೆ. ಐದಾರು ನಿಮಿಷ ಸಣ್ಣವೇ ಬಂದು, ಆಮೇಲೆ ಮೂರು ನಾಲ್ಕು ದೊಡ್ಡವು ಸಾಲಾಗಿ ಬಂದುಬಿಡುತ್ತವೆ. ಒಂದು ಫೋಟೋಗೆ ಬೆನ್ನು ತಿರುಗಿಸಿ ನಿಂತವರನ್ನು ಎಳೆದುಕೊಂಡು ಹೋಗುವುದು ಆ ದೊಡ್ಡವು. ಕಂಬಗಳ ನಡುವೆ ಬಿದ್ದರೆ ಈಜು ಬಂದರೂ ಪ್ರಯೋಜನವಿಲ್ಲ, ಮುಂದಿನ ಅಲೆ ಕಲ್ಲಿಗೇ ಬಡಿಯುತ್ತದೆ. ಹತ್ತು ನಿಮಿಷ ಹಿಂದೆ ನಿಂತು ನೋಡಿ, ಅತಿ ದೊಡ್ಡ ಅಲೆ ಎಲ್ಲಿಗೆ ಮುಟ್ಟಿತೋ ಅದಕ್ಕಿಂತ ಎರಡು ಆಳು ದೂರ ನಿಮ್ಮ ಗಡಿ. ಕಾವಲುಗಾರರು ಸೀಟಿ ಊದಿದರೆ ಮರುಮಾತಾಡದೆ ಹಿಂದೆ ಬನ್ನಿ. ಮಗಳು ಎಣಿಸುತ್ತಾ ತಲೆ ತಗ್ಗಿಸಿ ಮುಂದೆ ಮುಂದೆ ಹೋಗಿಬಿಡುತ್ತಾಳೆ, ಆದ್ದರಿಂದ ಎಣಿಸಲು ಒಳಗಿನ ಒಣ ಜಾಗವನ್ನೇ ಆರಿಸಿ, ಒಬ್ಬರು ಕಡಲಿನ ಕಡೆ ಮುಖ ಮಾಡಿ ನಿಂತಿರಿ.

ಕಾಲಿಗೆ: ಹಿಮ್ಮಡಿಗೆ ಪಟ್ಟಿ ಇರುವ, ಮೆತ್ತಗಿನ ರಬ್ಬರ್ ತಳದ ಸ್ಯಾಂಡಲ್. ಹವಾಯಿ ಚಪ್ಪಲಿ ಬಿರುಕಿನಲ್ಲಿ ಸಿಕ್ಕಿ ಕಿತ್ತುಬರುತ್ತದೆ. ಬರಿಗಾಲು ಬೇಡವೇ ಬೇಡ. ದ್ವೀಪದ ದಡದಲ್ಲಿ ಹಲವು ಕಡೆ ಮರಳಿಗಿಂತ ಚಿಪ್ಪಿನ ಚೂರೇ ಹೆಚ್ಚು, ಬಿಸಿಲೇರಿದ ಮೇಲೆ ಕಪ್ಪು ಕಲ್ಲು ಕಾವಲಿ. ಚಿಪ್ಪು ಕೊಯ್ದರೆ ಸಿಹಿನೀರಿನಲ್ಲಿ ಚೆನ್ನಾಗಿ ತೊಳೆದು, ಒಳಗೆ ಚೂರು ಉಳಿದಿದೆಯೇ ನೋಡಿ ಚಿಮ್ಮಟದಿಂದ ತೆಗೆದು, ಆಮೇಲೆ ಔಷಧಿ ಹಚ್ಚಿ. ಚೂರು ಒಳಗಿದ್ದು ಮೇಲೆ ಪಟ್ಟಿ ಹಾಕಿದರೆ ಎರಡೇ ದಿನದಲ್ಲಿ ಕೀವು.

ಒಬ್ಬೊಬ್ಬರಿಗೂ ಒಂದು ಲೀಟರ್ ಕುಡಿಯುವ ನೀರು, ಮತ್ತೆ ತುಂಬಿಸಿಕೊಳ್ಳುವ ಬಾಟಲಿಯಲ್ಲಿ. ಗದ್ದಕ್ಕೆ ದಾರ ಇರುವ ಟೋಪಿ. ಪ್ಲಾಸ್ಟಿಕ್ ಚೀಲ, ತಿಂಡಿ ಪೊಟ್ಟಣ ಕಾರಿನಲ್ಲೇ ಬಿಡಿ. ರಾತ್ರಿ ಅಲ್ಲಿ ಉಳಿಯಲು ಅವಕಾಶವಿಲ್ಲ, ಆದ್ದರಿಂದ ವಾಪಸ್ ಬೋಟಿನ ಹೊತ್ತನ್ನು ಇಳಿಯುವಾಗಲೇ ಬೋಟಿನವರ ಹತ್ತಿರ ಕೇಳಿ, ಬೋಟಿನ ಹೆಸರು ಮಗಳ ಪುಸ್ತಕದಲ್ಲೇ ಬರೆಸಿ.

ಬೋಟು ನಿಂತರೆ: ಅಂದು ಬೇರೆ ದೋಣಿಯವರನ್ನು ಹಿಡಿದು ಹೋಗುವ ಯೋಚನೆ ಮಾಡಬೇಡಿ. ಅದಕ್ಕೇ ಉಡುಪಿಯಲ್ಲಿ ಎರಡು ರಾತ್ರಿ ಇಟ್ಟುಕೊಳ್ಳಿ, ಮೊದಲ ಬೆಳಿಗ್ಗೆಯೇ ದ್ವೀಪಕ್ಕೆ ಹೊರಡಿ. ಅಂದು ತಪ್ಪಿದರೆ ಮರುದಿನ ಉಳಿಯುತ್ತದೆ. ಎಲ್ಲರೂ ದ್ವೀಪವನ್ನು ಕೊನೆಯ ದಿನಕ್ಕೆ ಇಟ್ಟು ನೋಡದೆ ಹೋಗುತ್ತಾರೆ. ಖಾಲಿಯಾದ ದಿನ ಮಲ್ಪೆಯ ಸೀ ವಾಕ್ ಮೇಲೆ ನಡೆಯಿರಿ, ಅಥವಾ ಕಾಪುವಿಗೆ ಹೋಗಿ 1901ರ ದೀಪಸ್ತಂಭ ನೋಡಿ. ಆ ಬಂಡೆ ಕಂಬಕಲ್ಲಲ್ಲ, ಮಗಳಿಗೆ ವ್ಯತ್ಯಾಸ ತೋರಿಸಲು ಅದೂ ಒಳ್ಳೆಯದೇ.


ಪಡುಗಡಲು

ದಕ್ಕೆ_ದಾರಿ ಅವರು ಹೇಳಿದ ಎರಡು ರಾತ್ರಿಯ ಮಾತಿಗೆ ಒಂದು ಸೇರಿಸುತ್ತೇನೆ ಮಾರಾಯ್ರೆ. ಎರಡು ಬೆಳಿಗ್ಗೆ ಕೈಯಲ್ಲಿದ್ದರೆ ಇಳಿತ ಯಾವ ದಿನ ಬೋಟಿನ ಹೊತ್ತಿಗೆ ಹತ್ತಿರವೋ ಅದನ್ನು ಮೊದಲು ಆರಿಸಬೇಡಿ. ಮೊದಲ ದಿನ ಕಡಲು ಶಾಂತವಿದ್ದರೆ ಹೋಗಿಯೇಬಿಡಿ. ಇಳಿತ 50 ನಿಮಿಷ ಆಚೀಚೆಯಾದರೆ ಕೆಳಗಿನ ಒಂದು ಸಾಲು ಕಲ್ಲು ಕಾಣದೆ ಹೋಗಬಹುದು, ಅಷ್ಟೇ. ಟಿಕೆಟ್ ಕೌಂಟರಿಗೆ ಎಂಟೂವರೆಗೆ ಬನ್ನಿ, ದರ ಅಲ್ಲಿಯ ಫಲಕದಲ್ಲೇ ಬರೆದಿರುತ್ತದೆ, ಚಿಲ್ಲರೆ ಇಟ್ಟುಕೊಳ್ಳಿ. ಮಗಳ ಎಣಿಕೆಯಲ್ಲಿ ಆರು ಮುಖದವು ಎಷ್ಟು ಬಂದವು ಅಂತ ಇಲ್ಲೇ ಬರೆಯಿರಿ, ನೋಡುತ್ತೇವೆ.